ಕಾಲಿನಲ್ಲಿ ಬಲವಿದೆ, ನಡಿಗೆ ಎಲ್ಲಿ ಹೋಯಿತು?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಗದ್ದೆಯ ಬದುವಿನ ಮೇಲೆ ನಡೆಯುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅಡಿಯಷ್ಟು ಅಗಲದ ಹಸಿ ಮಣ್ಣು, ಎರಡೂ ಬದಿಗೆ ನೀರು, ಹೆಗಲ ಮೇಲೆ ಸಲಿಕೆ. ಆದರೂ ಜನ ಹಿಂದಿನವರೊಡನೆ ಮಾತಾಡುತ್ತಲೇ ಸಾಗುತ್ತಾರೆ.

ಹಾಗೆ ನಡೆಯುತ್ತಿದ್ದ ಒಬ್ಬ ರೈತರ ಮೆದುಳಿನ ಹಿಂಭಾಗದಲ್ಲಿ ಗಡ್ಡೆ ಕಂಡಿತು ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ ಹೊರಬಂದಿದೆ, ಸ್ಕ್ಯಾನ್ ಚೆನ್ನಾಗಿದೆ ಎಂದು ವೈದ್ಯರು ಹೇಳಿದರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ಮೇಲೆ ಎರಡು ಹೆಜ್ಜೆ ನೆಟ್ಟಗೆ ಇಡಲು ಆಗುತ್ತಿಲ್ಲ. ಮಂಚದ ಮೇಲೆ ಮಲಗಿಸಿ ಕಾಲು ಎತ್ತಿ ಎಂದರೆ ಎತ್ತುತ್ತಾರೆ, ಒದೆಯಿರಿ ಎಂದರೆ ಒದೆಯುತ್ತಾರೆ. ನಿಲ್ಲಿಸಿದರೆ ಮಾತ್ರ ವಾಲುತ್ತಾರೆ. ನೋಡಲು ಬಂದವರು ಮೊಟ್ಟೆ, ಹಾಲು, ಖರ್ಜೂರ ಕೊಡಿ, ಶಕ್ತಿ ಬರಲಿ ಎನ್ನುತ್ತಾರೆ. ಮನೆಯವರ ಮನಸ್ಸಿನಲ್ಲಿ ಇನ್ನೊಂದು ಅನುಮಾನ: ಆಪರೇಷನ್‌ನಲ್ಲಿ ಏನೋ ಕೆಟ್ಟಿರಬೇಕು.

ಎರಡೂ ಸಾಮಾನ್ಯವಾಗಿ ಸರಿಯಲ್ಲ. ಇಲ್ಲಿ ಕೊರತೆ ಶಕ್ತಿಯದ್ದಲ್ಲ, ಲೆಕ್ಕದ್ದು. ನಡಿಗೆ ಕಾಲಿನಲ್ಲಿ ಕಂಡರೂ ಅದರ ಲೆಕ್ಕ ನಡೆಯುವುದು ತಲೆಯಲ್ಲಿ.

ಆಯ ತಪ್ಪದಂತೆ ಕಾಯುವ ಮೂವರು

ನಿಂತ ಮನುಷ್ಯ ಎಂದೂ ಪೂರ್ತಿ ನಿಶ್ಚಲನಾಗಿರುವುದಿಲ್ಲ. ಅಂಗಾಲಿನ ಮೇಲೆ ದೇಹ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತೂಗುತ್ತಲೇ ಇರುತ್ತದೆ. ಆ ತೂಗಾಟ ಮಿತಿ ಮೀರುವ ಮೊದಲೇ ಮೆದುಳು ತಿದ್ದುತ್ತದೆ. ತಿದ್ದಲು ಅದಕ್ಕೆ ಸುದ್ದಿ ಬೇಕು, ಸುದ್ದಿ ಬರುವುದು ಮೂರು ಕಡೆಯಿಂದ.

ಒಂದು ಕಣ್ಣು. ಬಾಗಿಲ ಚೌಕಟ್ಟು, ವಿದ್ಯುತ್ ಕಂಬ ನೇರವಾಗಿ ಕಾಣುತ್ತಿವೆಯೇ ಎಂಬುದರಿಂದ ನಾವು ನೇರವಾಗಿದ್ದೇವೆಯೇ ಎಂದು ತಿಳಿಯುತ್ತದೆ. ಎರಡನೆಯದು ಅಂಗಾಲು, ಕೀಲು ಮತ್ತು ಸ್ನಾಯುಗಳಲ್ಲಿರುವ ನರಗಳು. ಹಿಮ್ಮಡಿಯ ಮೇಲೆ ಭಾರ ಹೆಚ್ಚಾಯಿತೇ, ಮಂಡಿ ಎಷ್ಟು ಮಡಚಿದೆ ಎಂಬುದನ್ನು ಇವು ಹೇಳುತ್ತವೆ. ಮೂರನೆಯದು ಒಳಕಿವಿ. ಕೇಳುವ ಭಾಗದ ಪಕ್ಕದಲ್ಲೇ ದ್ರವ ತುಂಬಿದ ಮೂರು ಅರ್ಧವೃತ್ತದ ನಳಿಕೆಗಳಿವೆ. ತಲೆ ಯಾವ ಕಡೆ ತಿರುಗಿತು, ಎಷ್ಟು ವೇಗವಾಗಿ ತಿರುಗಿತು ಎಂದು ಅವು ಅಳೆಯುತ್ತವೆ. ಅವುಗಳ ಜೊತೆಗಿರುವ ಎರಡು ಸಣ್ಣ ಚೀಲಗಳು ನೆಲ ಯಾವ ದಿಕ್ಕಿಗಿದೆ ಎಂದು ತಿಳಿಸುತ್ತವೆ.

ಮೂವರಲ್ಲಿ ಒಬ್ಬರು ಸುಮ್ಮನಾದರೂ ಉಳಿದಿಬ್ಬರು ಹೇಗೋ ಸಂಭಾಳಿಸುತ್ತಾರೆ. ಮುಸ್ಸಂಜೆಯ ನಂತರ ಬದುವಿನ ಮೇಲೆ ನಡೆಯುವುದನ್ನು ನೆನಪಿಸಿಕೊಳ್ಳಿ. ಕತ್ತಲಲ್ಲಿ ಕಣ್ಣಿನ ಸುದ್ದಿ ಇಲ್ಲ. ಮೆತ್ತನೆಯ ಕೆಸರಿನಲ್ಲಿ ಅಂಗಾಲಿನ ಸುದ್ದಿಯೂ ಅಸ್ಪಷ್ಟ. ಆಗ ನಮ್ಮನ್ನು ನಿಲ್ಲಿಸುವುದು ಹೆಚ್ಚಾಗಿ ಒಳಕಿವಿ. ಅದಕ್ಕೇ ಏಟು ಬಿದ್ದಿದ್ದರೆ ಹಗಲಿನಲ್ಲಿ ಪರವಾಗಿಲ್ಲ ಎನ್ನುವಂತೆ ನಡೆದವರು ರಾತ್ರಿ ಬಿದ್ದುಬಿಡುತ್ತಾರೆ.

ಮೂರೂ ಸುದ್ದಿಗಳು ಮೆದುಳಿನ ಕಾಂಡ ಮತ್ತು ಕಿರುಮೆದುಳಿಗೆ ತಲುಪುತ್ತವೆ. ತಲೆಯ ಹಿಂದೆ, ಕುತ್ತಿಗೆಗೆ ಸ್ವಲ್ಪ ಮೇಲಿರುವ ಕಿರುಮೆದುಳು ಗಾತ್ರದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಭಾಗದಷ್ಟು. ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇವೆ. ಇಡಬೇಕೆಂದುಕೊಂಡ ಹೆಜ್ಜೆಗೂ ನಿಜಕ್ಕೂ ಬಿದ್ದ ಹೆಜ್ಜೆಗೂ ಎಷ್ಟು ವ್ಯತ್ಯಾಸ ಎಂದು ತಾಳೆ ನೋಡಿ ಮುಂದಿನ ಹೆಜ್ಜೆಯನ್ನು ಸರಿಪಡಿಸುವುದು ಇದರ ಕೆಲಸ. ಮದ್ಯ ಕುಡಿದವರು ತೂರಾಡುವುದೂ ಮದ್ಯ ಈ ಭಾಗವನ್ನು ಮಂಕು ಮಾಡುವುದರಿಂದಲೇ. ಹಾಗಾಗಿ ಕಿರುಮೆದುಳಿನ ಶಸ್ತ್ರಚಿಕಿತ್ಸೆ ಆದವರ ನಡಿಗೆ ಕುಡಿದವರ ನಡಿಗೆಯಂತೆಯೇ ಕಾಣುತ್ತದೆ: ಕಾಲುಗಳ ನಡುವೆ ಅಗಲ ಅಂತರ, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಬಸ್ ನಿಲ್ದಾಣದಲ್ಲಿ ಇಂಥವರನ್ನು ಕುಡುಕ ಎಂದು ಬೈಯುವವರಿದ್ದಾರೆ. ಆ ಬೈಗುಳಕ್ಕೆ ಹೆದರಿ ಮನೆಯೊಳಗೇ ಉಳಿಯುವವರೂ ಇದ್ದಾರೆ. ಚೇತರಿಕೆಗೆ ಅದರಿಂದ ಆಗುವ ಹಾನಿ ಸಣ್ಣದಲ್ಲ.

ಗಡ್ಡೆ ಎಲ್ಲಿತ್ತು?

‘ಬ್ರೇನ್ ಟ್ಯೂಮರ್ ಆಪರೇಷನ್ ಆಗಿದೆ’ ಎಂಬ ಒಂದೇ ಮಾತಿನಿಂದ ನಡಿಗೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಗಡ್ಡೆ ಕ್ಯಾನ್ಸರ್‌ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ, ಅದು ಎಲ್ಲಿ ಕುಳಿತಿತ್ತು ಎಂಬುದು ಬೇರೆಯೇ ಪ್ರಶ್ನೆ. ನಡಿಗೆಯ ಮಟ್ಟಿಗೆ ಎರಡನೆಯದೇ ದೊಡ್ಡದು.

ಕಿರುಮೆದುಳಿನ ನಟ್ಟನಡುವೆ ಇದ್ದರೆ ಮೈ ನೆಟ್ಟಗೆ ನಿಲ್ಲುವುದೇ ಕಷ್ಟ. ಕುಳಿತಾಗಲೂ ಕೆಲವರು ವಾಲುತ್ತಾರೆ. ಮಕ್ಕಳಲ್ಲಿ ಈ ಜಾಗದ ಗಡ್ಡೆಗಳು ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಕೆಲವು ಮಕ್ಕಳು ಸ್ವಲ್ಪ ಕಾಲ ಮಾತನ್ನೇ ನಿಲ್ಲಿಸಿಬಿಡುವುದೂ ಉಂಟು. ಕಿರುಮೆದುಳಿನ ಒಂದು ಪಕ್ಕದಲ್ಲಿದ್ದರೆ ಅದೇ ಪಕ್ಕದ ಕೈಕಾಲು ಗುರಿ ತಪ್ಪುತ್ತವೆ. ಲೋಟ ಹಿಡಿಯಲು ಹೋದ ಕೈ ಲೋಟವನ್ನು ದಾಟಿ ಮುಂದೆ ಹೋಗುತ್ತದೆ.

ಮೇಲಿನ ದೊಡ್ಡ ಮೆದುಳಿನ ಲೆಕ್ಕ ತಿರುವುಮುರುವು. ಅದರ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಕಾಲಿಗೆ ಆಜ್ಞೆ ಹೊರಡುವ ಜಾಗ ನೆತ್ತಿಯ ನಡುಗೆರೆಯ ಹತ್ತಿರ, ಎರಡು ಅರ್ಧಗೋಳಗಳು ಎದುರುಬದುರಾಗುವ ಸೀಳಿನ ಒಳಬದಿಯಲ್ಲಿದೆ. ಮೆದುಳಿನ ಹೊದಿಕೆಯಿಂದ ಬೆಳೆಯುವ ಮೆನಿಂಜಿಯೋಮಾ ಎಂಬ ಗಡ್ಡೆ (ಬಹುಪಾಲು ಕ್ಯಾನ್ಸರ್ ಅಲ್ಲದ್ದು) ಇಲ್ಲಿ ಒತ್ತಿದರೆ ಕೈ ಚೆನ್ನಾಗಿದ್ದೂ ಕಾಲು ಮಾತ್ರ ಸೋಲುತ್ತದೆ. ಇದು ನಿಜವಾದ ಬಲದ ಕೊರತೆ. ಪಾದ ಮೇಲೇಳದೆ ಹೆಬ್ಬೆರಳು ನೆಲಕ್ಕೆ ತಾಗುತ್ತದೆ, ಹೊಸ್ತಿಲಿಗೆ ಎಡವುತ್ತದೆ.

ಕಿವಿಯ ನರದ ಮೇಲೆ ಬೆಳೆಯುವ ಗಡ್ಡೆಯದು ಇನ್ನೊಂದು ಬಗೆ. ಅಕೌಸ್ಟಿಕ್ ನ್ಯೂರೋಮಾ ಎಂದು ಅದನ್ನು ಕರೆಯುತ್ತಾರೆ, ಕ್ಯಾನ್ಸರ್ ಅಲ್ಲ. ಆದರೆ ಅದನ್ನು ತೆಗೆಯುವಾಗ ಆ ಬದಿಯ ಸಮತೋಲನದ ನರವನ್ನೂ ಅನೇಕ ಸಲ ಕತ್ತರಿಸಬೇಕಾಗುತ್ತದೆ. ಎರಡೂ ಕಿವಿಗಳು ಸದಾ ಸಮನಾಗಿ ಸುದ್ದಿ ಕಳಿಸುತ್ತಿರುತ್ತವೆ. ಒಂದು ಕಡೆಯದು ಹಠಾತ್ತನೆ ನಿಂತರೆ ಮೆದುಳು ಅದನ್ನು ‘ತಲೆ ತಿರುಗುತ್ತಿದೆ’ ಎಂದೇ ಓದಿಕೊಳ್ಳುತ್ತದೆ. ಮೊದಲ ಕೆಲವು ದಿನ ಕೋಣೆಯೇ ಗಿರಗಿರನೆ ತಿರುಗುವುದು, ವಾಂತಿ ಬರುವುದು ಇದರಿಂದ. ಒಂದು ವಿಚಿತ್ರವಿದೆ. ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಆ ನರವನ್ನು ಮೊದಲೇ ಸೋಲಿಸಿದ್ದರೆ ಮೆದುಳು ಅಷ್ಟರಲ್ಲಿ ಹೊಂದಿಕೊಂಡಿರುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆಯ ನಂತರದ ತಲೆಸುತ್ತು ಕಡಿಮೆ.

ನೋಟದ ಹಾದಿಯಲ್ಲಿ ಗಡ್ಡೆಯಿದ್ದರೆ ಎದುರಿನ ದೃಶ್ಯದ ಅರ್ಧಭಾಗ ಕಾಣದೆ ಹೋಗಬಹುದು. ಕಾಲು ಚೆನ್ನಾಗಿರುತ್ತದೆ, ಆದರೆ ಯಾವಾಗಲೂ ಒಂದೇ ಭುಜ ಬಾಗಿಲಿಗೆ ಬಡಿಯುತ್ತದೆ. ಮನೆಯವರು ಇದನ್ನು ಗಮನಿಸಿ ಹೇಳಿದರೆ ವೈದ್ಯರಿಗೆ ದೊಡ್ಡ ಸುಳಿವು.

ಮೊದಲಿಗಿಂತ ಈಗ ಹೆಚ್ಚಾಯಿತಲ್ಲ?

ಆಸ್ಪತ್ರೆಗೆ ನಡೆದೇ ಹೋದವರು ಗಾಲಿಕುರ್ಚಿಯಲ್ಲಿ ಬಂದರೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಮುಖ್ಯ ಕಾರಣ ಊತ. ಮೊಣಕಾಲಿಗೆ ಪೆಟ್ಟಾದರೆ ಅದು ಊದುವಂತೆ, ಕೈಯಾಡಿದ ಜಾಗದ ಸುತ್ತ ಮೆದುಳೂ ಊದುತ್ತದೆ. ಮೊಣಕಾಲು ಹೊರಗೆ ಉಬ್ಬಬಹುದು, ಮೆದುಳಿಗೆ ಬುರುಡೆಯೊಳಗೆ ಜಾಗವಿಲ್ಲ. ಆದ್ದರಿಂದ ಚೆನ್ನಾಗಿರುವ ಪಕ್ಕದ ಭಾಗಗಳೂ ಕೆಲವು ದಿನ, ಕೆಲವು ವಾರ ಕೆಲಸ ನಿಲ್ಲಿಸುತ್ತವೆ. ಊತ ಇಳಿದಂತೆ ಅವು ತಾವಾಗಿಯೇ ಮರಳುತ್ತವೆ. ಮೊದಲ ವಾರಗಳಲ್ಲಿ ಕಾಣುವ ಬೇಗನೆಯ ಸುಧಾರಣೆಯಲ್ಲಿ ದೊಡ್ಡ ಪಾಲು ಇದರದ್ದು.

ಚಲನೆಯನ್ನು ಆರಂಭಿಸುವ, ನೆತ್ತಿಯ ಮುಂಬದಿಯ ಒಂದು ಭಾಗದಲ್ಲಿ ಶಸ್ತ್ರಚಿಕಿತ್ಸೆಯಾದರೆ ಎದುರು ಬದಿಯ ಕೈಕಾಲು ಪೂರ್ತಿ ಸ್ತಬ್ಧವಾಗಬಹುದು. ಲಕ್ವ ಹೊಡೆಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ಹೆಚ್ಚಿನವರಲ್ಲಿ ಇದು ವಾರಗಳಿಂದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಸರಿಯಾಗುತ್ತದೆ.

ಔಷಧಗಳ ಪಾತ್ರವನ್ನೂ ಮರೆಯಬಾರದು. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವಾರಗಟ್ಟಲೆ ನಡೆದರೆ ತೊಡೆಯ ಸ್ನಾಯುಗಳು ಸೊರಗುತ್ತವೆ. ಸಮತಟ್ಟು ನೆಲದಲ್ಲಿ ನಡೆಯುವವರು ನೆಲದಿಂದ ಏಳಲಾರದೆ, ಮೆಟ್ಟಿಲು ಹತ್ತಲಾರದೆ ಹೋಗುವುದು ಇದರ ಗುರುತು. ರಕ್ತದ ಸಕ್ಕರೆಯೂ ಏರಬಹುದು. ಆದರೆ ಈ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ, ವೈದ್ಯರು ಹಂತಹಂತವಾಗಿ ಇಳಿಸಬೇಕು. ಫಿಟ್ಸ್ ಬಾರದಂತೆ ಕೊಡುವ ಫೆನಿಟಾಯಿನ್ ರಕ್ತದಲ್ಲಿ ಹೆಚ್ಚಾದರೆ ಅದೇ ತೂರಾಟ ತರುತ್ತದೆ. ಚೆನ್ನಾಗಿ ನಡೆಯುತ್ತಿದ್ದವರು ಹಠಾತ್ತನೆ ವಾಲಲಾರಂಭಿಸಿದರೆ ಮಾತ್ರೆಯ ಪ್ರಮಾಣವನ್ನೂ ಪರೀಕ್ಷಿಸುತ್ತಾರೆ.

ಇವೆಲ್ಲದರ ಮೇಲೆ ಹಾಸಿಗೆ ಹಿಡಿದ ದಿನಗಳು. ಮಲಗಿದಷ್ಟೂ ಸ್ನಾಯು ಕರಗುತ್ತದೆ.

ಮೆದುಳು ಮತ್ತೆ ಕಲಿಯುವ ಬಗೆ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳವರಿಗೆ ಚೆನ್ನಾಗಿ ನೆನಪಿದೆ. ಹೊಸ ಗೇಟಿಗಾಗಿ ಕಾಯುತ್ತ ಕೂರುವಂತಿರಲಿಲ್ಲ. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟ್ ಇಳಿಸಿ ಉಳಿದ ನೀರನ್ನು ಹಿಡಿದರು. ಮೆದುಳಿನ ಒಂದು ಬಗೆಯ ಚೇತರಿಕೆ ಹೀಗೆಯೇ. ಹೋದ ನರ ಮರಳಿ ಚಿಗುರುವುದಿಲ್ಲ. ಅದರ ಜಾಗಕ್ಕೆ ಬೇರೆ ವ್ಯವಸ್ಥೆ ಬಂದು ಕೂರುತ್ತದೆ. ಒಂದು ಕಿವಿಯ ನರ ಹೋದರೆ ಇನ್ನೊಂದು ಕಿವಿ, ಕಣ್ಣು, ಅಂಗಾಲುಗಳ ಸುದ್ದಿಗೆ ಮೆದುಳು ಹೆಚ್ಚು ಬೆಲೆ ಕೊಡಲು ಕಲಿಯುತ್ತದೆ.

ಇನ್ನೊಂದು ಬಗೆಯಲ್ಲಿ ಹಾದಿ ಇದೆ, ಆದರೆ ಹರಿವು ಸಾಲದು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಪಾಡು ಪಾದದ್ದು. ಮೆದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯುದ್ದಕ್ಕೂ ಇಳಿದು ಕಟ್ಟಕಡೆಗೆ ಹೆಬ್ಬೆರಳನ್ನು ತಲುಪಬೇಕು. ಮೇಲೆ ಹರಿವು ತಗ್ಗಿದರೆ ಕೊನೆಯವರಿಗೆ ಬರುವುದು ತಡವಾಗಿ, ಸ್ವಲ್ಪವಾಗಿ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಕಾಲುವೆ ಬಳಸಿದಷ್ಟೂ ಸವೆಯುತ್ತದೆ, ನರಗಳ ನಡುವಿನ ಸಂಪರ್ಕ ಬಳಸಿದಷ್ಟೂ ಗಟ್ಟಿಯಾಗುತ್ತದೆ. ದಿನಕ್ಕೆ ಹತ್ತು ಸಲವಲ್ಲ, ನೂರಾರು ಸಲ ಮಾಡಿದ ಚಲನೆಯೇ ಮೆದುಳಿನಲ್ಲಿ ಉಳಿಯುವುದು.

ಇಲ್ಲಿ ಮನೆಯವರಿಗೆ ಒಪ್ಪಲು ಕಷ್ಟವಾಗುವ ಒಂದು ಸಂಗತಿಯಿದೆ. ಕಿರುಮೆದುಳು ಕಲಿಯುವುದು ತಪ್ಪಿನಿಂದ. ಸ್ವಲ್ಪ ವಾಲಿದರೆ ಮಾತ್ರ ಎಷ್ಟು ತಿದ್ದಬೇಕು ಎಂಬುದು ಅದಕ್ಕೆ ತಿಳಿಯುತ್ತದೆ. ಬೀಳಬಾರದೆಂದು ಎರಡೂ ತೋಳು ಬಿಗಿಯಾಗಿ ಹಿಡಿದು ನಡೆಸಿದರೆ ತಪ್ಪೂ ಆಗುವುದಿಲ್ಲ, ಕಲಿಕೆಯೂ ಆಗುವುದಿಲ್ಲ. ವಾಲಲು ಬಿಟ್ಟು, ಬೀಳಲು ಬಿಡದಂತೆ ನಿಲ್ಲುವುದು ಫಿಸಿಯೋಥೆರಪಿಸ್ಟರ ಕೈಚಳಕ. ತಲೆಸುತ್ತಿನ ಮಾತ್ರೆಗೂ ಇದೇ ತರ್ಕ. ಮೊದಲ ದಿನಗಳ ವಾಂತಿಗೆ ಅದು ಬೇಕು, ತಿಂಗಳುಗಟ್ಟಲೆ ನುಂಗಿದರೆ ಮೆದುಳು ಹೊಂದಿಕೊಳ್ಳುವುದೇ ತಡವಾಗುತ್ತದೆ.

ವ್ಯಾಯಾಮದಲ್ಲಿ ಏನು ಮಾಡಿಸುತ್ತಾರೆ?

ತಜ್ಞರು ಒಪ್ಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಒಂದೆರಡು ದಿನಗಳಲ್ಲೇ ಕೂರಿಸಲು ಆರಂಭಿಸುತ್ತಾರೆ. ಮಗು ಕಲಿಯುವ ಕ್ರಮವೇ ಇಲ್ಲಿಯೂ: ಮಗ್ಗುಲು ತಿರುಗುವುದು, ಆಸರೆಯಿಲ್ಲದೆ ಕೂರುವುದು, ಏಳುವುದು, ನಿಲ್ಲುವುದು, ಕೊನೆಗೆ ಹೆಜ್ಜೆ.

ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ನೋಡಲು ಏನೂ ಅಲ್ಲ. ಆದರೆ ಸೊರಗಿದ ತೊಡೆಗೆ ಬಲ, ಸಮತೋಲನಕ್ಕೆ ತರಬೇತಿ ಎರಡೂ ಅದರಲ್ಲಿವೆ. ಒಳಕಿವಿಯ ತೊಂದರೆ ಇರುವವರಿಗೆ ಎದುರಿಗೆ ಹೆಬ್ಬೆರಳು ಹಿಡಿದು, ದೃಷ್ಟಿಯನ್ನು ಉಗುರಿನ ಮೇಲೆ ನೆಟ್ಟು, ತಲೆಯನ್ನು ಮಾತ್ರ ಅತ್ತಿತ್ತ ಆಡಿಸಲು ಹೇಳುತ್ತಾರೆ. ಮಾಡುವಾಗ ಸ್ವಲ್ಪ ತಲೆಸುತ್ತು ಬರುತ್ತದೆ, ಬರಬೇಕು. ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಪ್ರಮಾಣ ಸರಿಯಿದೆ ಎಂದರ್ಥ. 1940ರ ದಶಕದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು ರೂಪಿಸಿದ ಇಂಥ ವ್ಯಾಯಾಮಗಳ ಸರಣಿ ಇಂದಿಗೂ ಬಳಕೆಯಲ್ಲಿದೆ. ಮಲಗಿದವರು ಅಲುಗಾಡದಿರುವುದಕ್ಕಿಂತ ಅಲುಗಾಡಿದರೆ ಬೇಗ ಗುಣವಾಗುತ್ತಾರೆ ಎಂಬುದೇ ಅದರ ತಿರುಳು.

ನಿಲ್ಲುವುದು ಬಂದ ಮೇಲೆ ಪಾದಗಳನ್ನು ಹತ್ತಿರ ತರುತ್ತಾರೆ, ಕಣ್ಣು ಮುಚ್ಚಿಸುತ್ತಾರೆ, ದಪ್ಪ ಸ್ಪಂಜಿನ ಮೇಲೆ ನಿಲ್ಲಿಸುತ್ತಾರೆ. ಮೂವರು ಸುದ್ದಿಗಾರರಲ್ಲಿ ಒಬ್ಬೊಬ್ಬರನ್ನೇ ಮರೆಮಾಡಿ ಉಳಿದವರನ್ನು ದುಡಿಸುವ ಉಪಾಯವಿದು. ನಂತರ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಗೆರೆಯ ಮೇಲೆ ನಡೆಸುತ್ತಾರೆ. ನಮ್ಮ ಬದುವಿನ ನಡಿಗೆಯೇ ಅದು, ಆದರೆ ಸಿಮೆಂಟ್ ನೆಲದ ಮೇಲೆ.

ಪ್ರಗತಿ ಅಳೆಯಲು ಸರಳ ಪರೀಕ್ಷೆಯೊಂದಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವುದು. ಆರೋಗ್ಯವಂತರು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ಇಪ್ಪತ್ತೆಂಟರಿಂದ ಇಪ್ಪತ್ತೆರಡಕ್ಕೆ ಇಳಿದದ್ದು ಕಣ್ಣಿಗೆ ಕಾಣದು, ಗಡಿಯಾರಕ್ಕೆ ಕಾಣುತ್ತದೆ. ಬರ್ಗ್ ಮಾಪನ ಎಂಬ ಇನ್ನೊಂದರಲ್ಲಿ 14 ಕೆಲಸಗಳಿಗೆ ಒಟ್ಟು 56 ಅಂಕ.

ಯಾವುದನ್ನು ಅಭ್ಯಾಸ ಮಾಡುತ್ತಾರೋ ಅದರಲ್ಲೇ ಮೆದುಳು ಪಳಗುತ್ತದೆ. ಹಾಗಾಗಿ ನೆಲದ ಮೇಲೆ ಕುಳಿತು ಊಟ ಮಾಡುವ ಮನೆಯವರು ನೆಲದಿಂದ ಏಳುವುದನ್ನೇ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಮಾಡುವವರು ಯಂತ್ರದ ಮುಂದೆ ಕುಳಿತು ಕಾಲಾಡಿಸುವುದನ್ನೇ ಅಭ್ಯಾಸದಲ್ಲಿ ಸೇರಿಸಲು ಕೇಳಬೇಕು. ತಾವು ಏನು ಕೆಲಸ ಮಾಡುತ್ತಿದ್ದೆವು ಎಂದು ಫಿಸಿಯೋಥೆರಪಿಸ್ಟರಿಗೆ ಹೇಳದೆ ಬರುವವರೇ ಹೆಚ್ಚು.

ಬಚ್ಚಲು, ಹೊರಸು, ಊರುಗೋಲು

ಮನೆಯಲ್ಲಿ ಅತ್ಯಂತ ಅಪಾಯದ ಜಾಗ ಬಚ್ಚಲು. ಒದ್ದೆಯಾದ ಪರಸಿ ಕಲ್ಲು ಜಾರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರದ ಕಾರಣ ಇನ್ನೊಂದು: ತಲೆಗೆ ನೀರು ಹೊಯ್ದುಕೊಳ್ಳುವಾಗ ಕಣ್ಣು ಮುಚ್ಚುತ್ತೇವೆ. ಅಂಗಾಲು ಜಾರುತ್ತಿದೆ, ಕಣ್ಣು ಮುಚ್ಚಿದೆ, ಒಳಕಿವಿ ಸೋತಿದೆ. ಮೂವರೂ ಒಟ್ಟಿಗೆ ರಜೆ. ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತೇ ಸ್ನಾನ ಮಾಡಿಸುವುದು, ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸುವುದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ.

ಜೋತುಬಿದ್ದ ಹೊರಸಿನಿಂದ ಏಳುವುದು ಸೊರಗಿದ ತೊಡೆಗೆ ಆಗದ ಮಾತು. ಗಟ್ಟಿ ಹಲಗೆಯ, ಮಂಡಿಯೆತ್ತರದ ಮಂಚ ಬೇಕು. ರಾತ್ರಿ ಮಂಚದಿಂದ ಬಚ್ಚಲಿನವರೆಗೆ ಒಂದು ದೀಪ ಉರಿಯುತ್ತಿರಲಿ. ರಾಯಚೂರಿನ ಬೇಸಿಗೆಯಲ್ಲಿ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದರೆ ಎದ್ದ ಕೂಡಲೇ ಕಣ್ಣು ಕತ್ತಲಾಗುತ್ತದೆ. ಅದು ಮೆದುಳಿನ ತೊಂದರೆಯಲ್ಲ, ರಕ್ತದೊತ್ತಡ ಇಳಿದದ್ದು. ಕುಳಿತು ಒಂದು ನಿಮಿಷ ಬಿಟ್ಟು ಏಳಬೇಕು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಪಾದರಕ್ಷೆ ಇರಲಿ. ಪಾದ ಜೋತುಬೀಳುವವರಿಗೆ ಅದನ್ನು ಎತ್ತಿ ಹಿಡಿಯುವ ಹಗುರವಾದ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ.

ಊರುಗೋಲನ್ನು ಸೋತ ಕಾಲಿನ ಕಡೆಯ ಕೈಯಲ್ಲಿ ಹಿಡಿಯುವುದು ಬಹುತೇಕರು ಮಾಡುವ ತಪ್ಪು. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಎಷ್ಟು ದಿನ ಬೇಕು?

ಊತದಿಂದ ಕೆಟ್ಟದ್ದು ವಾರಗಳಲ್ಲಿ ಸುಧಾರಿಸುತ್ತದೆ. ಒಂದು ಕಿವಿಯ ನರ ಹೋದವರು ಹಲವು ವಾರಗಳಿಂದ ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಕತ್ತಲು ಮತ್ತು ಜನಜಂಗುಳಿಯಲ್ಲಿ ಸ್ವಲ್ಪ ಅಳುಕು ಉಳಿಯಬಹುದು. ಕಿರುಮೆದುಳಿನದ್ದು ನಿಧಾನ, ತಿಂಗಳುಗಟ್ಟಲೆ ಸಾಗುತ್ತದೆ, ವರ್ಷದ ನಂತರವೂ ಸಣ್ಣ ಸುಧಾರಣೆಗಳು ಬರುತ್ತವೆ. ಕಾಲಿಗೆ ಆಜ್ಞೆ ಒಯ್ಯುವ ಹಾದಿಯೇ ತುಂಡಾಗಿದ್ದರೆ ಒಂದಿಷ್ಟು ಕುಂಟು ಉಳಿದೇ ಉಳಿಯುತ್ತದೆ. ಅಂಥವರ ಗುರಿ ಮೊದಲಿನ ನಡಿಗೆಯಲ್ಲ, ಬೀಳದ ನಡಿಗೆ. ಕ್ಯಾನ್ಸರ್ ಗಡ್ಡೆಯಾಗಿ ವಿಕಿರಣ ಚಿಕಿತ್ಸೆ ನಡೆಯುತ್ತಿದ್ದರೆ ದಣಿವು ಹೆಚ್ಚು. ಆಗ ಅರ್ಧ ಗಂಟೆಯ ವ್ಯಾಯಾಮವನ್ನು ಹತ್ತು ಹತ್ತು ನಿಮಿಷಗಳಿಗೆ ಒಡೆದುಕೊಳ್ಳಬೇಕಾಗುತ್ತದೆ.

ಸುಧಾರಣೆ ನೇರ ಗೆರೆಯಲ್ಲಿ ಬರುವುದಿಲ್ಲ. ನಿದ್ದೆಗೆಟ್ಟ ಮರುದಿನ, ಜ್ವರ ಬಂದ ದಿನ ಹಳೆಯ ತೂರಾಟ ಮರಳುತ್ತದೆ, ಮತ್ತೆ ಹೋಗುತ್ತದೆ. ಹೋಗದೆ ದಿನದಿಂದ ದಿನಕ್ಕೆ ಹೆಚ್ಚಾದರೆ ವಿಷಯ ಬೇರೆ.

ತಡಮಾಡದೆ ಆಸ್ಪತ್ರೆಗೆ

ತಲೆನೋವು ಏರುತ್ತಲೇ ಹೋಗುವುದು, ಪದೇ ಪದೇ ವಾಂತಿ, ಎಬ್ಬಿಸಿದರೂ ಮಂಪರು, ಫಿಟ್ಸ್, ಹೊಸದಾಗಿ ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಹೊಲಿಗೆಯಿಂದ ಅಥವಾ ಮೂಗಿನಿಂದ ನೀರಿನಂಥ ದ್ರವ ಸೋರುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೋಗಬೇಕು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಕದಲಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಡಿಗೆ ಕೆಡುವುದರ ಜೊತೆ ಮೂತ್ರ ತಡೆಯಲಾಗದಿದ್ದರೆ, ಮರೆವು ಹೆಚ್ಚಿದರೆ ಮೆದುಳಿನಲ್ಲಿ ನೀರು ತುಂಬುತ್ತಿರುವ ಸಾಧ್ಯತೆಯಿದೆ.

ಊರಿನ ಹತ್ತಿರ ಏನು ಸಿಗುತ್ತದೆ?

ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಹುಬ್ಬಳ್ಳಿಗೋ ಹೈದರಾಬಾದಿಗೋ ಹೋದವರೂ ವ್ಯಾಯಾಮಕ್ಕೆ ಅಷ್ಟು ದೂರ ಅಲೆಯಬೇಕಿಲ್ಲ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ಸಂಸ್ಥೆಗಳು. ಅವುಗಳ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವನ್ನು ವಿಚಾರಿಸಬೇಕು. ಡಿಸ್ಚಾರ್ಜ್ ಪತ್ರದಲ್ಲಿ ಗಡ್ಡೆಯ ಜಾಗ, ಮಾಡಬಾರದ ಚಲನೆಗಳು, ವ್ಯಾಯಾಮದ ವಿವರ ಬರೆಸಿಕೊಂಡು ಬಂದರೆ ಇಲ್ಲಿನವರಿಗೆ ಕೆಲಸ ಸುಲಭ. ಬಿಡುಗಡೆಯ ಗಡಿಬಿಡಿಯಲ್ಲಿ ಇದನ್ನು ಕೇಳಲು ಮರೆಯುತ್ತಾರೆ. ಶಾಶ್ವತ ನ್ಯೂನತೆ ಉಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಗುರುತಿನ ಚೀಟಿ ಪಡೆಯಬಹುದು. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ.

ಮತ್ತೆ ಬದುವಿನ ಮೇಲೆ

ನಮ್ಮ ರೈತರ ಮನಸ್ಸಿನಲ್ಲಿರುವ ಪ್ರಶ್ನೆ ಇಷ್ಟೇ: ಗದ್ದೆಗೆ ಯಾವಾಗ? ಫಿಟ್ಸ್‌ನ ಭಯ ಇರುವವರೆಗೆ ಬಾವಿ, ಕಾಲುವೆ ದಂಡೆ, ಟ್ರ್ಯಾಕ್ಟರ್, ಬೈಕ್ ಯಾವುದೂ ಬೇಡ ಎಂದು ವೈದ್ಯರು ಹೇಳುತ್ತಾರೆ. ಅವರ ಒಪ್ಪಿಗೆ ಸಿಕ್ಕ ಮೇಲೂ ಮೊದಲು ಅಂಗಳದ ಗೆರೆ, ಆಮೇಲೆ ಒಣಗಿದ ಅಗಲ ಬದು, ಕೊನೆಗೆ ನೀರು ನಿಂತ ಗದ್ದೆಯ ಬದು. ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಬರಿಗೈಯಲ್ಲಿ, ಸಲಿಕೆ ಇಲ್ಲದೆ. ಜೊತೆಗೆ ಬರುವವರು ಕೈಹಿಡಿದು ಮುಂದೆ ಎಳೆಯದೆ ಒಂದು ಹೆಜ್ಜೆ ಹಿಂದೆ, ಸೋತ ಕಾಲಿನ ಕಡೆಗೆ ಇರಬೇಕು.